ಮರ್ಯಾದೆಯ ಗೆರೆ: ಶನಿವಾರದ ಚರ್ಚಾಕೂಟವನ್ನು ನೆನೆದು

ಮಂಗಳೂರಿನ ನಮ್ಮ ಕಾಲೇಜಿನ ಚರ್ಚಾಕೂಟದ ರಿಜಿಸ್ಟರು ದಿನಸಿ ಅಂಗಡಿಯ ಲೆಡ್ಜರಿನ ಹಾಗಿತ್ತು, ಕೆಂಪು ಬಟ್ಟೆಯ ಬೈಂಡು. ಪುಟಕ್ಕೆ ನಾಲ್ಕು ಕಲಮು: ಹೆಸರು, ಶಿಷ್ಟಾಚಾರಕ್ಕೆ 5 ಅಂಕ, ಯುಕ್ತಿಗೆ 10, ಮರುನುಡಿಗೆ 10. 1996ರಿಂದ 1999ರವರೆಗಿನ ಬ್ಯಾಚಿನವರು ಆ ಕಲಮುಗಳನ್ನು ಮರೆತಿರಲಿಕ್ಕಿಲ್ಲ. (ಆ ಬ್ಯಾಚು ಕಾಲೇಜಿಗೆ ಸೇರುವಾಗ ಮಂಗಳೂರು, ಉಡುಪಿ ಒಂದೇ ಜಿಲ್ಲೆ, ಹೊರಬೀಳುವಾಗ ಎರಡು.) ಶಿಷ್ಟಾಚಾರದಲ್ಲಿ ಐದಕ್ಕೆ ಐದು ಸಿಗದವರೇ ಇರಲಿಲ್ಲ. ಮರುನುಡಿಯಲ್ಲಿ ಆರು ದಾಟಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಒಬ್ಬನೇ ಹುಡುಗ, ಅದೇ ನಾಲ್ಕು ನಿಮಿಷದ ಮಾತಿನಲ್ಲಿ, 5ಕ್ಕೆ 5 ಮತ್ತು 10ಕ್ಕೆ 2 ತೆಗೆದುಕೊಂಡು ಹೋಗಿ ಕೂರುತ್ತಿದ್ದ. ವಿನಯವೂ ಅಸಹನೆಯೂ ಒಂದೇ ಮನುಷ್ಯನಲ್ಲಿ ಇರಬಹುದೇ ಎಂದು ಕೇಳುವವರಿಗೆ ಆ ರಿಜಿಸ್ಟರು ತೆರೆದು ತೋರಿಸಿದರೆ ಸಾಕು. ಇರಬಹುದು ಮಾತ್ರವಲ್ಲ, ಒಂದಕ್ಕೊಂದು ತಾಗದ ಹಾಗೆ ಆರಾಮವಾಗಿ ಇರುತ್ತವೆ.

ಮರುನುಡಿ ಎಂದರೆ ಇಷ್ಟೇ. ಎದುರು ಪಕ್ಷದವರು ಮಾತಾಡಿ ಕೂತ ಮೇಲೆ ನೀವು ಎದ್ದು ಸೀದಾ ಖಂಡನೆಗೆ ಇಳಿಯುವ ಹಾಗಿಲ್ಲ. ಮೊದಲ ಒಂದು ನಿಮಿಷ ಅವರ ವಾದವನ್ನು ನಿಮ್ಮ ಬಾಯಲ್ಲಿ ಹೇಳಬೇಕು. ಅವರು ‘ಹೌದು, ನಾನು ಹೇಳಿದ್ದು ಇದೇ’ ಎಂದು ತಲೆಯಾಡಿಸಬೇಕು. ಆಡಿಸದಿದ್ದರೆ ಇನ್ನೊಮ್ಮೆ ಹೇಳಬೇಕು. ಮೂರನೇ ಸಲಕ್ಕೂ ಆಗದಿದ್ದರೆ ಕೂತುಕೊಳ್ಳುವುದೇ, ಖಂಡನೆಗೆ ಅವಕಾಶವಿಲ್ಲ. ಮೂರು ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸುವುದು, ನಾಲ್ಕಕ್ಕೆ ಎರಡು ಸಲ. ವಿಷಯವನ್ನು ಚೀಟಿ ಎತ್ತಿ ಆರಿಸುವುದು, ತಯಾರಿಗೆ ಹತ್ತು ನಿಮಿಷ. ಪರವೋ ವಿರೋಧವೋ ಎಂಬುದೂ ಚೀಟಿಯಲ್ಲೇ ಬರುತ್ತಿತ್ತು. ಹಾಗಾಗಿ ಮನೆಯಲ್ಲಿ ಕೇಳಿ ಬೆಳೆದ ಮಾತಿಗೆ ವಿರುದ್ಧವಾಗಿ ನಿಲ್ಲುವ ಸರದಿ ವರ್ಷಕ್ಕೆ ಐದಾರು ಸಲವಾದರೂ ಎಲ್ಲರಿಗೂ ಬಂದೇ ಬರುತ್ತಿತ್ತು.

ಈ ನಿಯಮವನ್ನು ಕನ್ನಡ ವಿಭಾಗದ ಸರ್ ತಾವೇ ಹೊಸೆದದ್ದಲ್ಲ. ತರ್ಕಶಾಸ್ತ್ರದ ಹಳೆಯ ಗ್ರಂಥವಾದ ನ್ಯಾಯಸೂತ್ರದ ಐದನೆಯ ಅಧ್ಯಾಯದಲ್ಲಿ ವಾದದಲ್ಲಿ ಸೋಲುವ 22 ಬಗೆಗಳ ಪಟ್ಟಿ ಇದೆ. ನಿಗ್ರಹಸ್ಥಾನ ಎಂದು ಹೆಸರು. ಅದರಲ್ಲಿ ಒಂದು ‘ಅನನುಭಾಷಣ’. ಎದುರಾಳಿ ಮೂರು ಸಲ ಹೇಳಿ, ಸಭೆಗೂ ಅರ್ಥವಾಗಿರುವ ಮಾತನ್ನು ತಿರುಗಿ ಹೇಳಲಾರದೆ ನಿಲ್ಲುವುದು. ಮಾರಾಯ್ರೆ, ಗಮನಿಸಬೇಕಾದ್ದು ಏನೆಂದರೆ, ಒರಟಾಗಿ ಮಾತಾಡಿದ್ದಕ್ಕೆ ಸೋಲು ಎಂಬುದು ಆ 22ರಲ್ಲಿ ಎಲ್ಲಿಯೂ ಇಲ್ಲ. ಎದುರಿನವನ ಮಾತು ಕಿವಿಗೆ ಬಿದ್ದಿಲ್ಲ ಎಂಬುದಕ್ಕೆ ಸೋಲು ಉಂಟು. ಮಠದ ಊರಾದ ಉಡುಪಿಯಲ್ಲಿ ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತ (ತನ್ನ ತೀರ್ಮಾನ) ಎಂಬ ಪದಗಳು ಸಂತೆಯಲ್ಲೂ ಕೇಳುತ್ತವೆ. ಪೂರ್ವಪಕ್ಷವನ್ನು ಎದುರಾಳಿಯೇ ಒಪ್ಪುವಷ್ಟು ಗಟ್ಟಿಯಾಗಿ ಮಂಡಿಸದೆ ಸಿದ್ಧಾಂತಕ್ಕೆ ಹೋಗುವವನನ್ನು ಪಂಡಿತರು ಪಂಡಿತನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮರುನುಡಿಯಲ್ಲಿ ಅಂಕ ಹೋಗುತ್ತಿದ್ದ ಜಾಗಗಳು ಹೆಚ್ಚುಕಡಿಮೆ ಅವೇ. ಎದುರಾಳಿ ‘ಕೆಲವರು’ ಎಂದದ್ದು ಮರುನುಡಿಯಲ್ಲಿ ‘ಎಲ್ಲರೂ’ ಆಗಿ ಹೊರಬರುತ್ತಿತ್ತು. ಅವನು ಮೂರು ಕಾರಣ ಕೊಟ್ಟಿದ್ದರೆ ಅತ್ಯಂತ ಸೊರಗಿದ ಒಂದನ್ನು ಮಾತ್ರ ಎತ್ತಿಕೊಂಡು ಉಳಿದ ಎರಡನ್ನು ನುಂಗುವುದು ಇನ್ನೊಂದು. ಆಮೇಲೆ ಆ ‘ಅಂತೆ’. ‘ಅವರಿಗೆ ಹಾಗೆ ಅನ್ನಿಸುತ್ತದಂತೆ.’ ಬೈಗುಳ ಇಲ್ಲ, ಏಕವಚನ ಇಲ್ಲ, ಕೊನೆಯಲ್ಲಿ ಎರಡಕ್ಷರ ಸೇರಿಸಿದರೆ ಎದುರಿನವನ ಇಡೀ ನಂಬಿಕೆ ಗಾಳಿಮಾತಾಗುತ್ತದೆ. ‘ಪಾಪ’ ಎಂಬುದೂ ಹಾಗೆಯೇ. ‘ಪಾಪ, ನಮ್ಮ ಮಿತ್ರರು ಬಹಳ ಕಷ್ಟಪಟ್ಟು ಹೇಳಿದರು.’ ಕನ್ನಡದಲ್ಲಿ ಇದಕ್ಕಿಂತ ಸಭ್ಯವಾದ ಕಪಾಳಮೋಕ್ಷ ಇನ್ನೊಂದಿಲ್ಲ.

ಛಲ, ಎಂದರೆ ಎದುರಿನವನ ಮಾತಿಗೆ ಬೇಕೆಂದೇ ಬೇರೆ ಅರ್ಥ ಹಚ್ಚುವುದು, ಬೇರೆಯೇ ವಿದ್ಯೆ. ಅದಕ್ಕೆ ಶಾಸ್ತ್ರದವರು ಕೊಡುವ ಹಳೆಯ ಉದಾಹರಣೆ ‘ನವಕಂಬಲ’. ಹೊಸ ಕಂಬಳಿ ಹೊದ್ದವನು ಎಂದು ಒಬ್ಬ ಹೇಳಿದರೆ, ‘ಎಲ್ಲಿ ಒಂಬತ್ತು ಕಂಬಳಿ? ಒಂದೇ ಇದೆಯಲ್ಲ’ ಎಂದು ಇನ್ನೊಬ್ಬ ಕೇಳುವುದು. ಇದನ್ನು ಮಂಗಳೂರಿನ ತರಗತಿಯಲ್ಲಿ ಹೇಳುವುದೇ ಅಪಾಯ. ಒಂಬತ್ತು ಕಂಬಳ ಎಂದರೆ ಎಲ್ಲಿ, ಯಾವ ಗದ್ದೆಯಲ್ಲಿ, ಯಾರ ಕೋಣ ಎಂದು ಹಿಂದಿನ ಬೆಂಚು ಶುರು ಮಾಡುತ್ತಿತ್ತು.

ಮರ್ಯಾದೆ ಎಂಬ ಪದದ ಪಾಠ ಆದದ್ದು ಇಂಥದ್ದೇ ಒಂದು ಶನಿವಾರ. ಕಿಟೆಲ್ ನಿಘಂಟು ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ, 1894ರಲ್ಲಿ. ಲೈಬ್ರರಿಯ ಮೂಲೆಯಲ್ಲಿದ್ದ ಅದನ್ನು ಇಬ್ಬರು ಹೊತ್ತು ತಂದು ಮೇಜಿನ ಮೇಲಿಡುತ್ತಿದ್ದರು. ಸಂಸ್ಕೃತದ ಮರ್ಯಾದಾ ಎಂದರೆ ಮೊದಲ ಅರ್ಥದಲ್ಲಿ ಎಲ್ಲೆ, ಮೇರೆ, ಕಡಲು ದಾಟದ ದಡ. ಎಲ್ಲೆ ಮೀರದೆ ನಡೆಯುವುದು ಎಂಬಲ್ಲಿಂದ ಗೌರವ ಎಂಬ ಅರ್ಥ ಬಂತು. ಸಭ್ಯ ಎಂದರೆ ಸಭೆಗೆ ತಕ್ಕವನು. ಸಹನೆಯ ಬೇರು ಮಾತ್ರ ಹೊರುವುದು, ತಾಳುವುದು ಎಂಬಲ್ಲಿದೆ. ಅಲ್ಲಿಗೆ ಅರ್ಧ ವಿಷಯ ಮುಗಿಯಿತು. ಮರ್ಯಾದೆಗೆ ಬೇಕಾದ್ದು ಒಂದು ಗೆರೆ ಮತ್ತು ನೋಡುವ ನಾಲ್ಕು ಜನ. ಸಹನೆಗೆ ಬೇಕಾದ್ದು ಭಾರ ಹೊರುವ ಹೆಗಲು. ಗೆರೆಯನ್ನು ಚೆನ್ನಾಗಿ ಎಳೆಯಬಲ್ಲವನು ಭಾರ ಹೊರಬಲ್ಲ ಎಂದು ಯಾವ ನಿಘಂಟೂ ಹೇಳುವುದಿಲ್ಲ.

ಆ ಗೆರೆಯನ್ನು ಕಣ್ಣಾರೆ ಕಾಣಬೇಕಾದರೆ ನಮ್ಮ ಕಡೆಯ ಹಳೆಯ ದೊಡ್ಡ ಮನೆಯೊಂದನ್ನು ನೋಡಬೇಕು. ತಡಮೆ ದಾಟಿದರೆ ಅಂಗಳ. ಅಂಗಳದಿಂದ ಎರಡು ಮೆಟ್ಟಿಲು ಮೇಲೆ ಜಗಲಿ. ಜಗಲಿ ದಾಟಿದರೆ ಚಾವಡಿ, ಅದರಾಚೆ ಒಳಕೋಣೆ, ಕೊನೆಗೆ ಅಡುಗೆಮನೆ, ಅಡುಗೆಮನೆಗೆ ತಾಗಿ ಬಾವಿಕಟ್ಟೆ. ಯಾರು ಎಲ್ಲಿಯವರೆಗೆ ಎಂಬುದು ಗೋಡೆಯ ಮೇಲೆ ಬರೆದಿರುವುದಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಬಂದವರಿಗೆಲ್ಲ ಬೆಲ್ಲ ನೀರು ಉಂಟು. ಬಿಸಿಲಲ್ಲಿ ನಡೆದು ಬಂದವನಿಗೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಕೊಡದ ಮನೆ ಮನೆಯಲ್ಲ. ಆದರೆ ಚಾವಡಿಯವನಿಗೆ ಹೊಳೆಯುವ ಕಂಚಿನ ಚೆಂಬು, ತಟ್ಟೆಯಲ್ಲಿ ಬೆಲ್ಲ. ಜಗಲಿಯವನಿಗೆ ಬೇರೆ ಚೆಂಬು. ಕುಡಿದ ಮೇಲೆ ಅವನೇ ತೊಳೆದು ಕವುಚಿ ಹಾಕಬೇಕು. ಅಂಗಳದವನಿಗೆ ತೆಂಗಿನ ಗೆರಟೆ, ಇಲ್ಲದಿದ್ದರೆ ಬೊಗಸೆ. ಬೊಗಸೆಗೆ ಹೊಯ್ಯುವ ಕ್ರಮವೇ ಬೇರೆ: ಚೆಂಬಿನ ಬಾಯಿ ಕೈಗೆ ತಾಗದ ಹಾಗೆ ಒಂದು ಗೇಣು ಮೇಲಿನಿಂದ ಸಣ್ಣ ಧಾರೆ, ಬೆಲ್ಲ ಎಲೆಯ ಮೇಲಿಟ್ಟು ಎಲೆಯನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುವುದು. ‘ಬಿಸಿಲು ಜೋರುಂಟಲ್ಲ, ಕುಡಿ, ಇನ್ನೂ ಬೇಕಾ?’ ಎಂಬ ದನಿ ಮೂವರಿಗೂ ಒಂದೇ. ದನಿಯಲ್ಲಿ ಕಪಟ ಇತ್ತೆಂದು ಹೇಳಿದರೆ ಅದು ಸುಳ್ಳು. ನಿಜವಾಗಿಯೂ ಅವನ ಬಾಯಾರಿಕೆಯ ಬಗ್ಗೆ ಕನಿಕರ ಇತ್ತು. ಆ ಕನಿಕರಕ್ಕೂ ಆ ಒಂದು ಗೇಣಿಗೂ ಒಳಗೆ ಜಗಳವೇ ಆಗಲಿಲ್ಲ, ಅದೇ ವಿಷಯ.

ಗೆರಟೆಯ ಜೊತೆಗೆ ಇದ್ದ ಇನ್ನೊಂದು ಸಾಮಾನು ಅಡಿಕೆ ಹಾಳೆ. ಕೆಲಸದವರಿಗೆ ಗಂಜಿ ಸುರಿಯುತ್ತಿದ್ದುದು ಅದರಲ್ಲಿ. ಈಗ ಅದೇ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿ, ಮದುವೆಯ ಬಫೆಯಲ್ಲಿ ಜೋಡಿಸಿಡುತ್ತಾರೆ. ಪರಿಸರಸ್ನೇಹಿಯಂತೆ. ಆಗಲಿ, ಒಳ್ಳೆಯದೇ.

ಸವಿಮಾತಿನ ಹಿಂದೆ ಇದ್ದದ್ದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಜಲು ಪದ್ಧತಿಯಷ್ಟು ಸ್ಪಷ್ಟ ಸಾಕ್ಷಿ ಈ ಜಿಲ್ಲೆಗಳಲ್ಲಿ ಇನ್ನೊಂದಿಲ್ಲ. ಕೊರಗ ಸಮುದಾಯದವರನ್ನು ಕರೆಸಿ, ಮನೆಯವರ ಕೂದಲು ಉಗುರು ಬೆರೆಸಿದ ಅನ್ನ ಕೊಡುವುದು, ರೋಗ ಅವರಿಗೆ ದಾಟಲಿ ಎಂದು. ಇದನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ 1950ರಲ್ಲೇ ರದ್ದು ಮಾಡಿತ್ತು, 1955ರಲ್ಲಿ ಶಿಕ್ಷೆಯ ಕಾಯ್ದೆಯೂ ಬಂದಿತ್ತು. ಆದರೂ ಅಷ್ಟು ವರ್ಷ ಇದು ಉಳಿಯಲು ಕಾರಣ ಯಾರೂ ಇದನ್ನು ಅವಮಾನ ಎಂಬ ಹೆಸರಿನಲ್ಲಿ ಮಾಡಲಿಲ್ಲ. ಪದ್ಧತಿ, ಸೇವೆ, ‘ಅವರ ಹಕ್ಕು’ ಎಂಬ ಮರ್ಯಾದೆಯ ಮಾತುಗಳು ಸುತ್ತ ಇದ್ದವು. ಕಾಯ್ದೆ ದನಿಯನ್ನು ಕೇಳುವುದಿಲ್ಲ, ಕೈಯನ್ನು ನೋಡುತ್ತದೆ. ಆ ಮಟ್ಟಿಗೆ ಅದು ನಮಗಿಂತ ಬುದ್ಧಿವಂತ.

ಇನ್ನು ಭಾಷೆ. ಘಟ್ಟದ ಮೇಲಿನವರಿಗೆ ಮಂಗಳೂರಿನವರು ಬಹಳ ಮರ್ಯಾದಸ್ಥರಂತೆ ಕೇಳುತ್ತಾರೆ. ಇದರಲ್ಲಿ ಗುಣಕ್ಕಿಂತ ವ್ಯಾಕರಣದ ಪಾಲು ಜಾಸ್ತಿ. ಇಲ್ಲಿ ಹೆಚ್ಚಿನವರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಬಂದದ್ದು ಶಾಲೆಯಿಂದ, ಪುಸ್ತಕದಿಂದ. ಹಾಗಾಗಿ ‘ನೀವು ಹೋಗುತ್ತೀರಾ’ ಎಂದು ಇಡೀ ಕ್ರಿಯಾಪದವನ್ನು ನುಂಗದೆ ಹೇಳುತ್ತಾರೆ. ಅದೇ ಮನುಷ್ಯ ತುಳುವಿಗೆ ತಿರುಗಿದಾಗ ನೋಡಬೇಕು. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ಗೌರವದ ನೀವು. ಯಾರಿಗೆ ಈ, ಯಾರಿಗೆ ಈರ್ ಎಂಬುದು ವಯಸ್ಸಿನಿಂದ ಮಾತ್ರ ತೀರ್ಮಾನವಾಗುತ್ತಿರಲಿಲ್ಲ. ಎಪ್ಪತ್ತರ ಮುದುಕ ಅಂಗಳದಲ್ಲಿ ನಿಂತಿದ್ದರೆ ಹದಿನಾರರ ಹುಡುಗ ಜಗಲಿಯಿಂದ ‘ಈ’ ಎನ್ನುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಕನ್ನಡದಲ್ಲಿ ಸಭ್ಯನಾದವನು ತುಳುವಿನಲ್ಲಿ ಯಾರಿಗೆ ಏಕವಚನ ಬಳಸುತ್ತಾನೆ ಎಂದು ಒಂದು ದಿನ ಸುಮ್ಮನೆ ಗುರುತು ಹಾಕಿಕೊಂಡರೆ ಸಾಕು, ಅವನ ಗೆರೆಗಳ ನಕಾಶೆ ಸಿಗುತ್ತದೆ.

ರಾಯಚೂರು, ಬೀದರ್ ಕಡೆಯಿಂದ ಬಂದ ಹಾಸ್ಟೆಲಿನ ಹುಡುಗರದ್ದು ಇದಕ್ಕೆ ಸರೀ ಉಲ್ಟಾ. ಬಾಯಿ ತೆರೆದರೆ ‘ಲೇ’, ‘ಏನಲೇ’. ಮೊದಲ ತಿಂಗಳು ಇಲ್ಲಿನವರು ಅವರನ್ನು ಒರಟರೆಂದು ದೂರವಿಟ್ಟರು. ಆದರೆ ಊರಿಂದ ಬಂದ ಖಡಕ್ ರೊಟ್ಟಿಯ ಗಂಟನ್ನು ಅವರು ಬಿಚ್ಚುತ್ತಿದ್ದುದು ಕಾರಿಡಾರಿನ ನಡುಮಧ್ಯದಲ್ಲಿ. ಕೈ ಹಾಕಿದವರು ಯಾರು ಎಂದು ಕೇಳಿದ್ದು ಇಲ್ಲ.

ಮೆಸ್ಸಿನ ವಿಚಾರದಲ್ಲಿ ಸ್ವಲ್ಪ ನಿಧಾನವಾಗಿ ನೋಡುವುದುಂಟು, ಏಕೆಂದರೆ ಕರಾವಳಿಯಲ್ಲಿ ಅಸಹನೆಯ ಬಗ್ಗೆ ಮಾತು ತೆಗೆದರೆ ಅದು ಮೀನಿಗೆ ಬಂದು ನಿಲ್ಲುತ್ತದೆ. ಸಸ್ಯಾಹಾರದ ಸಾಲಿನ ಸ್ಟೀಲ್ ತಟ್ಟೆಗಳಿಗೆ ಹಿಂಬದಿಯಲ್ಲಿ ಹಸಿರು ಪೇಂಟಿನ ಬೊಟ್ಟು, ಮೀನಿನ ಸಾಲಿನವಕ್ಕೆ ಕೆಂಪು. ಎನಾಮಲ್ ಪೇಂಟು ಸ್ಟೀಲಿಗೆ ಸರಿಯಾಗಿ ಹಿಡಿಯುವುದಿಲ್ಲ. ಬಿಸಿನೀರು, ಸೋಪಿನ ಪುಡಿ, ತೆಂಗಿನ ನಾರಿನ ತಿಕ್ಕಾಟಕ್ಕೆ ಮೂರು ತಿಂಗಳಲ್ಲಿ ಎದ್ದುಹೋಗುತ್ತದೆ. ಆಮೇಲೆ ಬೊಟ್ಟಿಲ್ಲದ ತಟ್ಟೆ ಯಾರದ್ದು ಎಂಬ ಪ್ರಶ್ನೆ. ಅಲ್ಲಿಯವರೆಗೆ ‘ದಯವಿಟ್ಟು’, ‘ಪರವಾಗಿಲ್ಲ’ ಎನ್ನುತ್ತಿದ್ದವರ ಬಣ್ಣ ಪೇಂಟಿನ ಜೊತೆಗೇ ಏಳುತ್ತಿತ್ತು.

ಈ ವಿಷಯ ಚೀಟಿಯಲ್ಲಿ ಬಂದ ದಿನ ಸರ್ ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆದರು. ನಾನು ಮೀನು ತಿನ್ನುವುದಿಲ್ಲ. ಮೀನು ತಿನ್ನುವವನ ಪಕ್ಕ ಕೂರುವುದಿಲ್ಲ. ನನ್ನ ಬಾಡಿಗೆಮನೆಯಲ್ಲಿ ಮೀನು ಬೇಯಿಸಲು ಬಿಡುವುದಿಲ್ಲ. ಮೀನು ತಿನ್ನುವವನು ಕೊಟ್ಟ ನೀರು ಕುಡಿಯುವುದಿಲ್ಲ. ಮೊದಲನೆಯದು ರುಚಿ. ಅದರ ಬಗ್ಗೆ ತಕರಾರು ತೆಗೆಯುವವನೇ ಅಸಹಿಷ್ಣು. ಎರಡನೆಯದಕ್ಕೆ ವಾಸನೆ ಎಂಬ ಕಾರಣ ಉಂಟು. ಒಣಮೀನು ಸುಡುವ ವಾಸನೆಗೆ ಹೊಟ್ಟೆ ತೊಳಸುವುದು ಸುಳ್ಳಲ್ಲ, ಮೀನು ತಿನ್ನುವ ಮನೆಯಲ್ಲೂ ಕೆಲವರಿಗೆ ಆಗುತ್ತದೆ. ಮೂರನೆಯದರಲ್ಲಿ ರುಚಿಗಿಂತ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಮುಖ್ಯ. ನಾಲ್ಕನೆಯದಕ್ಕೆ ಬಂದಾಗ ಮೀನು ಕಾಣೆಯಾಗಿರುತ್ತದೆ. ನೀರಿಗೆ ಮೀನಿನ ವಾಸನೆ ಇಲ್ಲವಲ್ಲ. ಅಲ್ಲಿ ಉಳಿದದ್ದು ಕೊಟ್ಟ ಕೈ ಮಾತ್ರ. ನಾಲ್ಕು ವಾಕ್ಯವನ್ನೂ ಒಬ್ಬನೇ, ಒಂದೇ ಮೆತ್ತನೆಯ ದನಿಯಲ್ಲಿ, ‘ತಪ್ಪು ತಿಳಿಯಬೇಡಿ’ ಎಂದು ಸೇರಿಸಿ ಹೇಳಬಲ್ಲ. ಕೇಳುವ ಕಿವಿಗೆ ನಾಲ್ಕೂ ಒಂದೇ ಹಾಗೆ ಕೇಳುತ್ತವೆ.

ಬಾಡಿಗೆಮನೆಯ ಮಾತಿಗೂ ಒಂದು ಕ್ರಮ ಇದೆ, ಮಂಗಳೂರಿನಲ್ಲಿ ಮನೆ ಹುಡುಕಿದವರಿಗೆಲ್ಲ ಗೊತ್ತು. ‘ಮನೆ ಉಂಟು, ಬನ್ನಿ’ ಎಂದು ಶುರು. ಎರಡನೆಯ ಪ್ರಶ್ನೆ ಎಷ್ಟು ಜನ. ಮೂರನೆಯದು ‘ನಿಮ್ಮ ಊರು ಎಲ್ಲಿ ಆಯಿತು?’ ಊರಿನಿಂದ ಅಡ್ಡಹೆಸರಿಗೆ, ಅಡ್ಡಹೆಸರಿನಿಂದ ಉಳಿದದ್ದಕ್ಕೆ ದಾರಿ ಸಿಗುತ್ತದೆ. ಶೆಟ್ಟಿ, ಪೈ, ಬಂಗೇರ, ಡಿಸೋಜ, ಅಬ್ದುಲ್ಲ ಎಂದರೆ ಮುಂದಿನ ಪ್ರಶ್ನೆ ಬೇಕಾಗುವುದಿಲ್ಲ. ಬರೇ ಹೆಸರಿದ್ದು ಅಡ್ಡಹೆಸರು ಇಲ್ಲದವನಿಗೆ ಮಾತ್ರ ಐದಾರು ಪ್ರಶ್ನೆ ಹೆಚ್ಚು. ಆಮೇಲೆ ಬರುವ ವಾಕ್ಯ: ‘ನಮಗೇನೂ ತೊಂದರೆ ಇಲ್ಲ, ಮನೆಯಲ್ಲಿ ಅಮ್ಮ ಸ್ವಲ್ಪ ಹಳೇ ಕಾಲದವರು.’ ಬೇಡ ಎಂಬ ಮಾತು ತನ್ನ ಬಾಯಿಂದ ಬರಬಾರದು. ಅದನ್ನು ಅಮ್ಮನಿಗೋ ಪಕ್ಕದ ಮನೆಗೋ ಅಸೋಸಿಯೇಶನ್ನಿಗೋ ದಾಟಿಸಬೇಕು. ಅಮ್ಮ ಒಳಗೆ ಟಿವಿ ನೋಡುತ್ತಿರುತ್ತಾರೆ, ಅವರಿಗೆ ಸುದ್ದಿಯೇ ಇರುವುದಿಲ್ಲ. ಕೊನೆಗೆ ‘ಒಂದು ಕಾಫಿ ಕುಡಿದು ಹೋಗಿ’. ಆ ಕಾಫಿಯನ್ನು ನಾಟಕ ಎಂದು ತಳ್ಳಿಹಾಕುವವರಿದ್ದಾರೆ. ಹಾಗಲ್ಲ, ಕಾಫಿ ನಿಜವಾದದ್ದೇ. ಮನೆ ಕೊಡುವುದಿಲ್ಲ ಎಂಬುದೂ ನಿಜವಾದದ್ದೇ.

ಇದನ್ನು ಅಳೆದು ನೋಡಿದವರು ಬೇರೆ ಕಡೆಯೂ ಇದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1930ರ ಆಸುಪಾಸಿನಲ್ಲಿ ಚೀನೀ ದಂಪತಿಯೊಬ್ಬರ ಜೊತೆ ಆ ದೇಶದ ಉದ್ದಗಲ ಕಾರಿನಲ್ಲಿ ತಿರುಗಿದರು. ಆಗ ಅಲ್ಲಿ ಚೀನೀಯರ ಮೇಲೆ ದ್ವೇಷ ದಟ್ಟವಾಗಿತ್ತು. ಹೋಟೆಲು, ವಸತಿಗೃಹ, ಊಟದ ಮನೆ ಎಂದು 251 ಕಡೆ ಹೋದದ್ದರಲ್ಲಿ ಜಾಗ ಇಲ್ಲ ಎಂದದ್ದು ಒಂದೇ ಒಂದು ಕಡೆ. ಸುಮಾರು ಆರು ತಿಂಗಳ ಬಳಿಕ ಅದೇ ಜಾಗಗಳಿಗೆ ಪತ್ರ ಬರೆದು, ಚೀನೀಯರಿಗೆ ಜಾಗ ಕೊಡುತ್ತೀರಾ ಎಂದು ಕೇಳಿದರು. 128 ಉತ್ತರ ಬಂತು, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಇಲ್ಲ ಎಂದು ಬರೆದಿದ್ದರು. 1934ರಲ್ಲಿ ಅಚ್ಚಾದ ಈ ಪ್ರಬಂಧದ ಸಾರವನ್ನು ಸರ್ ಸೈಕ್ಲೋಸ್ಟೈಲ್ ಹಾಳೆಯಲ್ಲಿ ಹಂಚಿ, ಇದರಲ್ಲಿ ತಪ್ಪು ಹುಡುಕಿ ಎಂದಿದ್ದರು. ತಪ್ಪು ಉಂಟು. ಪತ್ರಕ್ಕೆ ಉತ್ತರ ಬರೆದವನೂ ಅಂದು ಕೌಂಟರಿನಲ್ಲಿ ನಿಂತಿದ್ದವನೂ ಒಬ್ಬನೇ ಎನ್ನಲು ಆಧಾರವಿಲ್ಲ. ಆ ದಂಪತಿ ಚೆನ್ನಾಗಿ ಇಂಗ್ಲಿಷ್ ಆಡುತ್ತಿದ್ದರು, ನಗುಮುಖದವರು, ಜೊತೆಗೆ ಒಬ್ಬ ಬಿಳಿಯ ಪ್ರಾಧ್ಯಾಪಕ ಬೇರೆ. ಇಷ್ಟನ್ನು ಕಳೆದರೂ ಉಳಿಯುವುದು ಕಡಿಮೆಯಲ್ಲ. ಕಾಗದದ ಮೇಲೆ ‘ಚೀನೀಯರು’ ಎಂಬ ಪದ ಬಂದಾಗ ಎದ್ದು ನಿಲ್ಲುವ ಅಸಹನೆ, ಸೂಟ್‌ಕೇಸು ಹಿಡಿದ ಇಬ್ಬರು ಮನುಷ್ಯರು ಎದುರಿಗೆ ನಿಂತಾಗ ಶಿಷ್ಟಾಚಾರದ ಕೆಳಗೆ ಅಡಗುತ್ತದೆ. ಇಲ್ಲ ಎನ್ನಲು ಮುಖ ನೋಡಬೇಕಾಗುತ್ತದಲ್ಲ, ಅದು ಕಷ್ಟ. ನಮ್ಮ ಬಾಡಿಗೆಮನೆಯವರು ಆ ಕಷ್ಟವನ್ನು ಅಮ್ಮನ ಮೂಲಕ ದಾಟಿದರು, ಅಷ್ಟೇ ವ್ಯತ್ಯಾಸ.

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ಅಲ್ಲಿಗೆ ಹೋದವರಲ್ಲಿ ಎಷ್ಟು ಮಂದಿ ಆ ಹೆಸರಿನ ಬಗ್ಗೆ ವಿಚಾರಿಸಿದ್ದರೋ. 1859ರಲ್ಲಿ ಹುಟ್ಟಿದ ರಂಗರಾಯರು ಸಾರಸ್ವತ ಬ್ರಾಹ್ಮಣ, ವಕೀಲ. 1897ರಲ್ಲಿ ದಲಿತರ ಶಿಕ್ಷಣ, ವಸತಿ, ಕಸುಬಿಗೆಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರ ಹಾಕಿದವರು ಯಾರು? ಗೂಂಡಾಗಳಲ್ಲ. ಓದಿದವರು, ಮೆಲುಮಾತಿನವರು, ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಬಹಿಷ್ಕಾರ ಎಂಬುದೇ ಅತ್ಯಂತ ಶಾಂತವಾದ ಹಿಂಸೆ. ಕೈ ಎತ್ತುವುದಿಲ್ಲ, ದನಿ ಏರಿಸುವುದಿಲ್ಲ. ಶುಭಕಾರ್ಯದ ಕರೆಯೋಲೆ ಬರುವುದಿಲ್ಲ, ಪಂಕ್ತಿಯಲ್ಲಿ ಎಲೆ ಇರುವುದಿಲ್ಲ.

ಸವಿಯೂಟದ ಒಳಗಿನ ಹಗೆಯನ್ನು ಹೆಸರಿಟ್ಟು ಹೇಳುವ ಧೈರ್ಯ ನಮ್ಮ ಕಥೆಗಳಲ್ಲಿ ಇದೆ. ತಾಳಮದ್ದಳೆಯಲ್ಲಿ ಕೃಷ್ಣಸಂಧಾನ ಗೊತ್ತಿಲ್ಲದವರಿಲ್ಲ. ಸಂಧಾನಕ್ಕೆ ಬಂದ ಕೃಷ್ಣನಿಗೆ ದುರ್ಯೋಧನ ಊಟಕ್ಕೆ ಕರೆಯುತ್ತಾನೆ; ಉಪಚಾರದಲ್ಲಿ ಲೋಪವಿಲ್ಲ. ಮಹಾಭಾರತದಲ್ಲಿ ಕೃಷ್ಣ ಕೊಡುವ ಉತ್ತರ ಹೀಗೆ: ಪ್ರೀತಿ ಇದ್ದಲ್ಲಿ ಉಣ್ಣಬೇಕು, ಇಲ್ಲವೇ ಆಪತ್ತಿನಲ್ಲಿ ಉಣ್ಣಬೇಕು, ನಿನ್ನಲ್ಲಿ ಪ್ರೀತಿ ಇಲ್ಲ, ನಾನು ಆಪತ್ತಿನಲ್ಲಿಲ್ಲ. ಹೇಳಿ ವಿದುರನ ಮನೆಗೆ ಹೋಗುತ್ತಾನೆ. ಅದು ಅಸಭ್ಯ ಉತ್ತರವೇ. ಬಡಿಸಿದ ಎಲೆಯ ಮುಂದೆ ಹಾಗೆ ಹೇಳಬಾರದು ಎಂದು ಯಾವ ಅಜ್ಜಿಯೂ ಹೇಳುವಳು. ಆದರೆ ಅದೇ ಪಾಂಡವರಿಗೆ ಸೂಜಿಮೊನೆಯಷ್ಟು ನೆಲ ಕೊಡದವನು ಹಾಕಿದ ಎಲೆ ಅದು.

ತಾಳಮದ್ದಳೆಯ ಒಂದು ಗುಣವನ್ನು ಇಲ್ಲೇ ಹೇಳಬೇಕು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ವಾಲಿವಧೆಯಲ್ಲಿ ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳು ಇವೆಯಲ್ಲ, ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಅದನ್ನು ಕೇಳುವಾಗ ರಾಮಭಕ್ತರೇ ತುಂಬಿದ ಸಭೆ ವಾಲಿಯ ಕಡೆಗೆ ವಾಲುತ್ತಿತ್ತು. ಅದೇ ಶೇಣಿಯವರು ಬಪ್ಪನಾಡು ಕ್ಷೇತ್ರದ ಪ್ರಸಂಗದಲ್ಲಿ ಬಪ್ಪ ಬ್ಯಾರಿಯ ಪಾತ್ರಕ್ಕೂ ಹೆಸರಾದವರು. ಮೂಲ್ಕಿಯ ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಮುಸ್ಲಿಂ ವ್ಯಾಪಾರಿ ಬಪ್ಪ ಕಟ್ಟಿಸಿದನೆಂಬುದು ಐತಿಹ್ಯ. ಈಗ ಊರಲ್ಲಿ ಏನಾದರೂ ಗಲಾಟೆಯಾಗಿ ಶಾಂತಿಸಭೆ ಕರೆದರೆ ಪ್ರತಿಯೊಬ್ಬ ಭಾಷಣಕಾರನೂ ಬಪ್ಪ ಬ್ಯಾರಿಯನ್ನು ಕರೆತರುತ್ತಾನೆ. ಶಾಲು ಹೊದೆಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ‘ಅವರಲ್ಲಿ ಇಂಥವರೂ ಇದ್ದರು’ ಎನ್ನುತ್ತಾರೆ. ಆ ‘ಇಂಥವರೂ’ದಲ್ಲಿನ ಕೊನೆಯ ಊಕಾರಕ್ಕೆ ಸರ್ ಮರುನುಡಿಯಲ್ಲಿ ಮೂರು ಅಂಕ ಕಳೆಯುತ್ತಿದ್ದರು.

ಉಲ್ಟಾ ಮಾದರಿಯೂ ಬೇಕಷ್ಟಿದೆ: ಬಾಯಿ ಒರಟು, ಗೆರೆ ಇಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಖಾಸಗಿ ಬಸ್ಸಿನ ಕಂಡಕ್ಟರು ಲಾಯರಿಗೂ, ಮೀನು ಬುಟ್ಟಿಯ ಹೆಂಗಸಿಗೂ, ಬುರ್ಖಾದ ಹುಡುಗಿಗೂ ಒಂದೇ ಕರ್ಕಶ ದನಿಯಲ್ಲಿ ಹಿಂದೆ ಹೋಗಲು ಕಿರುಚುತ್ತಾನೆ. ಅವನಿಗೆ ಶಿಷ್ಟಾಚಾರದಲ್ಲಿ ಸೊನ್ನೆ. ಆದರೆ ಯಾರ ಪಕ್ಕ ಯಾರು ಕೂರಬೇಕು ಎಂಬ ಲೆಕ್ಕ ಅವನ ತಲೆಯಲ್ಲಿ ಇಲ್ಲ. ಇದ್ದರೆ ಬಸ್ಸು ಹಂಪನಕಟ್ಟೆ ದಾಟುವುದಿಲ್ಲ. ಇದನ್ನೇ ಹಿಡಿದುಕೊಂಡು ಒರಟರೆಲ್ಲ ಒಳ್ಳೆಯವರು ಎನ್ನುವುದೂ ತಪ್ಪು. ಒರಟೂ ಅಸಹಿಷ್ಣುವೂ ಆದವನನ್ನು ಗುರುತಿಸುವುದು ಸುಲಭ, ಅವನಿಂದ ದೂರ ಇರಬಹುದು ಎಂಬುದಷ್ಟೇ ಅನುಕೂಲ.

ಇನ್ನೊಂದು ಗೊಂದಲ ಇದೆ. ನಿಯಮದ ಬಿಗಿಯನ್ನು ಅಸಹನೆ ಎನ್ನಬಹುದೇ? ಸರ್ ಪ್ರಥಮ ಬಿಎ ಹುಡುಗನನ್ನೂ ‘ತಾವು’ ಎಂದೇ ಕರೆಯುತ್ತಿದ್ದರು. ಎರಡು ಗಂಟೆ ಒಂದು ನಿಮಿಷಕ್ಕೆ ಅದೇ ‘ತಾವು’ ಎನ್ನುತ್ತ ಬಾಗಿಲು ಹಾಕುತ್ತಿದ್ದರು. ನಕಲು ಮಾಡಿದ ಪ್ರಬಂಧ ಎರಡು ತುಂಡಾಗಿ, ಪಿನ್ನು ಚುಚ್ಚಿ, ‘ತಮ್ಮ ಅವಗಾಹನೆಗೆ’ ಎಂಬ ಟಿಪ್ಪಣಿಯ ಜೊತೆ ಹಿಂದೆ ಬರುತ್ತಿತ್ತು. ಇದು ತಡವನ್ನು, ಕಳವನ್ನು ಸಹಿಸದಿರುವುದು; ಬಾಗಿಲು ಪ್ರಾಂಶುಪಾಲರ ಮಗನಿಗೂ ಹಾಕುತ್ತಿತ್ತು. ಮಾಡಿದ ಕೆಲಸ ಬದಲಾದರೆ ಕರಗುವ ಅಸಹನೆ ಬೇರೆ. ಮನುಷ್ಯ ಏನು ಮಾಡಿದರೂ ಕರಗದೆ, ಅವನು ಯಾರು ಎಂಬುದಕ್ಕೇ ಅಂಟಿಕೊಂಡದ್ದು ಬೇರೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಇರುವುದರಿಂದ ಎರಡನೆಯದು ಮೊದಲನೆಯದರ ಅಂಗಿ ಹಾಕಿಕೊಂಡು ತಿರುಗುತ್ತದೆ. ‘ನಾವು ಶಿಸ್ತಿನವರು’ ಎನ್ನುತ್ತದೆ.

ಸರ್ ಬಳಿ ಒಂದು ಸ್ಟೀಲ್ ಫ್ಲಾಸ್ಕು ಇತ್ತು. ಅವರು ಕ್ಯಾಂಟೀನಿನಲ್ಲಿ ಏನನ್ನೂ ಮುಟ್ಟುತ್ತಿರಲಿಲ್ಲ. ಚರ್ಚಾಕೂಟದ ವಾರ್ಷಿಕೋತ್ಸವದ ಚಹಾವನ್ನು ಕೈಮುಗಿದು ‘ತಾವು ತೆಗೆದುಕೊಳ್ಳಿ’ ಎಂದು ದಾಟಿಸಿ, ಫ್ಲಾಸ್ಕಿನ ಮುಚ್ಚಳದಲ್ಲಿ ಸುರಿದುಕೊಂಡು ಕುಡಿಯುತ್ತಿದ್ದರು. ಕ್ಯಾಂಟೀನು ನಡೆಸುತ್ತಿದ್ದವರ ಜಾತಿ ಎಲ್ಲರಿಗೂ ಗೊತ್ತಿತ್ತು. ಸಕ್ಕರೆ ಕಾಯಿಲೆ ಎಂದು ಒಂದು ಪಕ್ಷ, ಮಡಿ ಎಂದು ಇನ್ನೊಂದು ಪಕ್ಷ, ಕಾರಿಡಾರಿನಲ್ಲಿ ಮೂರು ವರ್ಷ ಈ ವಾದ ನಡೆಯಿತು. ಎದುರು ಹೋಗಿ ಕೇಳಿದವರಿಲ್ಲ, ಕೇಳುವುದು ಮರ್ಯಾದೆಯಲ್ಲ ಎಂದು.

ಕೊನೆಯ ವರ್ಷದ ಕೊನೆಯ ಚೀಟಿಗಳಲ್ಲಿ ಒಂದು ಹೀಗಿತ್ತು: ‘ವಿನಯವಂತನು ಅಸಹಿಷ್ಣುವಾಗಿರಲಾರ.’ ವಿರೋಧದ ಚೀಟಿ ಬಂದ ಹುಡುಗಿ ಎದ್ದು, ಎದುರಾಳಿಯ ವಾದವನ್ನು ಒಂದೇ ಸಲಕ್ಕೆ ತಲೆಯಾಡಿಸುವ ಹಾಗೆ ಹೇಳಿ, ಆಮೇಲೆ ಉದಾಹರಣೆಗೆ ಮೇಜಿನ ಮೇಲಿದ್ದ ಫ್ಲಾಸ್ಕಿನ ಕಡೆ ಕೈ ತೋರಿಸಿದಳು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಸರ್ ಗಂಟೆ ಬಾರಿಸಲಿಲ್ಲ. ‘ನನ್ನ ಪಕ್ಷವನ್ನೂ ಒಮ್ಮೆ ಹೇಳುತ್ತೀರಾ?’ ಎಂದರು. ಅವಳು ಸಕ್ಕರೆ ಕಾಯಿಲೆಯ ಪಕ್ಷವನ್ನು ಹೇಳಿದಳು. ಅವರು ತಲೆಯಾಡಿಸಲಿಲ್ಲ. ಎರಡನೇ ಸಲ ಮಡಿಯ ಪಕ್ಷವನ್ನು, ಅದನ್ನು ಪಾಲಿಸುವವರು ಒಪ್ಪುವಷ್ಟು ಚೆನ್ನಾಗಿ ಹೇಳಿದಳು. ಅದಕ್ಕೂ ಇಲ್ಲ. ಮೂರನೆಯ ಸಲ ಅವಳು ಏನೂ ಹೇಳದೆ ಕೂತಳು.

ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಶಿಷ್ಟಾಚಾರ 5, ಯುಕ್ತಿ 9. ಮರುನುಡಿಯ ಕಲಮಿನಲ್ಲಿ ಅಂಕ ಇರಲಿಲ್ಲ. ಅಲ್ಲಿ 22ರಲ್ಲಿನ ಎರಡು ನಿಗ್ರಹಸ್ಥಾನಗಳ ಹೆಸರುಗಳನ್ನು ಒಂದರ ಕೆಳಗೆ ಒಂದು ಬರೆದಿದ್ದರು. ನಿರನುಯೋಜ್ಯಾನುಯೋಗ, ಎಂದರೆ ತಪ್ಪಿಲ್ಲದವನ ಮೇಲೆ ತಪ್ಪು ಹೊರಿಸುವುದು. ಪರ್ಯನುಯೋಜ್ಯೋಪೇಕ್ಷಣ, ಎಂದರೆ ತಪ್ಪು ಮಾಡಿದವನನ್ನು ಕೇಳದೆ ಬಿಟ್ಟುಬಿಡುವುದು. ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ. ಎರಡನೆಯದು ಅವಳೊಬ್ಬಳಿಗೆ ಬರೆದದ್ದೋ, ಮೂರು ವರ್ಷ ಕಾರಿಡಾರಿನಲ್ಲಿ ನಿಂತವರಿಗೆಲ್ಲ ಬರೆದದ್ದೋ ಗೊತ್ತಾಗಲಿಲ್ಲ.

ಮುಂದಿನ ಶನಿವಾರ ಎರಡು ಗಂಟೆಗೆ ಸರ್ ಬಂದರು. ಫ್ಲಾಸ್ಕನ್ನು ಮೇಜಿನ ಎಡಬದಿಗೆ ಇಟ್ಟರು, ಎಂದಿನ ಜಾಗದಲ್ಲೇ.